ಪವರ್ ಕೈಟಿನ ಸೂತ್ರ ಹೊಂದಿಸುವುದು: ಮೊದಲು ಲೈನ್, ಆಮೇಲೆ ಹ್ಯಾಂಡಲ್, ಕೊನೆಗೆ ಸೂತ್ರ

ಆಷಾಢದ ಗಾಳಿಗೆ ಪಟ ಬಿಟ್ಟು ಬೆಳೆದ ದಾವಣಗೆರೆ, ಚಿತ್ರದುರ್ಗದವರಿಗೆ ಸೂತ್ರದ, ಅಂದರೆ ಪಟಕ್ಕೂ ಹಾರಿಸುವ ದಾರಕ್ಕೂ ನಡುವೆ ಕಟ್ಟುವ ಎಳೆಗಳ, ಲೆಕ್ಕ ಹೊಸದಲ್ಲ. ಮೇಲಿನ ಎಳೆ ಉದ್ದವಾದರೆ ಪಟ ಏಳಲು ಒದ್ದಾಡುತ್ತದೆ, ತೀರಾ ಗಿಡ್ಡವಾದರೆ ಎದ್ದ ಮೇಲೆ ತಲೆ ಹಾಕುತ್ತದೆ, ಎಡಬಲ ಸಮ ಇಲ್ಲದಿದ್ದರೆ ಗಿರಕಿ ಹೊಡೆಯುತ್ತದೆ. ಪವರ್ ಕೈಟಿಗೂ ಇದೇ ನಿಯಮ. ವ್ಯತ್ಯಾಸ ಎರಡೇ: ಇಲ್ಲಿ ಸೂತ್ರದ ಎಳೆಗಳು ಹತ್ತಾರು, ಮತ್ತು ಎಳೆತ ಆಳನ್ನು ನೆಲದಿಂದ ಕೀಳುವಷ್ಟು. ಹಾಗಾಗಿ ಅಂದಾಜಿನ ಕೆಲಸ ನಡೆಯುವುದಿಲ್ಲ, ಅಳತೆ ಬೇಕು.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ನಾಲ್ಕು ಲೈನಿನ, ಎರಡು ಹ್ಯಾಂಡಲಿನ, 2ರಿಂದ 4 ಚದರ ಮೀಟರಿನ ಫಾಯಿಲ್ ಕೈಟ್ ಬಗ್ಗೆ. ಇದಕ್ಕೆ ಕಡ್ಡಿ ಇಲ್ಲ. ಮೂತಿಯಲ್ಲಿರುವ ಬಾಯಿಗಳಿಂದ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ತಾಳುತ್ತದೆ. ಪಟ ವಿನ್ಯಾಸಕ ಡೊಮಿನಾ ಜಾಲ್ಬರ್ಟ್ 1964ರಲ್ಲಿ ರೂಪಿಸಿದ ಪ್ಯಾರಾಫಾಯಿಲ್‌ನಿಂದ ಬಂದ ವಿನ್ಯಾಸ ಇದು. ಗಾಳಿ ತುಂಬಿದ್ದರೆ ಮಾತ್ರ ರೆಕ್ಕೆ, ಇಲ್ಲದಿದ್ದರೆ ಬರೀ ಬಟ್ಟೆ. ಮೂತಿ ಒಮ್ಮೆ ಮಡಚಿಕೊಂಡರೆ ಪಟ ಪೂರ್ತಿ ಕುಸಿಯುವುದು ಇದೇ ಕಾರಣಕ್ಕೆ, ಸೂತ್ರದಲ್ಲಿ ಒಂದೆರಡು ಸೆಂಟಿಮೀಟರ್ ಕೂಡ ಲೆಕ್ಕಕ್ಕೆ ಬರುವುದೂ ಇದೇ ಕಾರಣಕ್ಕೆ.

ಭಾಗಗಳನ್ನು ಗುರುತಿಸಿಕೊಳ್ಳಿ. ಪಟದ ಹೊಟ್ಟೆಗೆ ಅಡ್ಡಸಾಲುಗಳಲ್ಲಿ ದಾರಗಳು ಅಂಟಿರುತ್ತವೆ. ಮೂತಿಗೆ ಹತ್ತಿರದ ಸಾಲು ಎ, ಅದರ ಹಿಂದೆ ಬಿ, ಸಿ. ಕೆಲವು ಪಟಗಳಲ್ಲಿ ಡಿ ಕೂಡ ಇರುತ್ತದೆ. ಈ ದಾರಗಳು ಕವಲು ಕವಲಾಗಿ ಕೂಡಿಕೊಳ್ಳುತ್ತ ಕೆಳಗೆ ಬಂದು ಎಡಕ್ಕೊಂದು, ಬಲಕ್ಕೊಂದು ಗಂಟಿನಲ್ಲಿ ಸೇರುತ್ತವೆ. ಅಲ್ಲಿಂದ ಹೊರಡುವುದು ಮುಂದಿನ ಲೈನ್. ಎಳೆತದ ಬಹುಪಾಲು ಹೊರುವುದು ಇದೇ. ಹಿಂಅಂಚಿಗೆ ಕಟ್ಟಿದ ದಾರಗಳು ಬೇರೆಯಾಗಿ ಬಂದು ಬ್ರೇಕ್ ಲೈನಿಗೆ ಸೇರುತ್ತವೆ. ಹ್ಯಾಂಡಲಿನ ಮೇಲ್ತುದಿಗೆ ಮುಂದಿನ ಲೈನ್, ಕೆಳತುದಿಗೆ ಬ್ರೇಕ್ ಲೈನ್.

ಎಳೆತ ಎಷ್ಟೆಂಬುದರ ಲೆಕ್ಕ ತಲೆಯಲ್ಲಿರಲಿ. ಗಾಳಿ ಗಂಟೆಗೆ 29 ಕಿ.ಮೀ., ಅಂದರೆ ಸೆಕೆಂಡಿಗೆ 8 ಮೀಟರ್ ಇದ್ದಾಗ 3 ಚದರ ಮೀಟರಿನ ಪಟ ತಲೆಯ ಮೇಲೆ ಸುಮ್ಮನೆ ನಿಂತಿದ್ದರೆ ಸುಮಾರು 10–11 ಕೆ.ಜಿ. ಎಳೆಯುತ್ತದೆ. ಅದೇ ಪಟ ನಿಮ್ಮ ಮುಂದೆ ಅಡ್ಡಲಾಗಿ ಬೀಸಿ, ಅದಕ್ಕೆ ತಾಗುವ ಗಾಳಿ ಮೂರು ಪಟ್ಟಾದರೆ ಎಳೆತ ಒಂಬತ್ತು ಪಟ್ಟು: ನೂರು ಕೆ.ಜಿ. ಹತ್ತಿರ. ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೂತ್ರ ಬದಲಿಸಿ ಪಟದ ವೇಗ ಹೆಚ್ಚಿಸಿದವರು ಎಳೆತವನ್ನೂ ಹೆಚ್ಚಿಸಿಕೊಂಡಿರುತ್ತಾರೆ. ಇದನ್ನು ಮರೆಯುವವರು ಬಹಳ.

ಪಟ ಕೆಟ್ಟಿದೆಯೋ, ಲೈನ್ ಕೆಟ್ಟಿದೆಯೋ

ಪಟ ಸರಿಯಾಗಿ ಹಾರುತ್ತಿಲ್ಲ ಎಂದು ನೇರ ಸೂತ್ರಕ್ಕೆ ಕೈ ಹಾಕಬೇಡಿ. ತಪ್ಪು ಬಹುತೇಕ ಸಲ 20–25 ಮೀಟರಿನ ಲೈನುಗಳಲ್ಲಿ ಇರುತ್ತದೆ. ಡೈನೀಮಾ ಎಂದರೆ ತೆಳ್ಳಗಿದ್ದೂ ಬಹಳ ಬಲವಾದ ಪ್ಲಾಸ್ಟಿಕ್ ನೂಲು. ಹೊಸ ಡೈನೀಮಾ ಲೈನ್ ಮೊದಲ ಕೆಲವು ಹಾರಾಟಗಳಲ್ಲಿ ಹೆಣಿಗೆ ಬಿಗಿದು, ಗಂಟು ಕೂತು, ಉದ್ದವಾಗುತ್ತದೆ. ಭಾರ ಹೊರುವ ಮುಂದಿನ ಲೈನ್ ಹೆಚ್ಚು ಹಿಗ್ಗುತ್ತದೆ, ಬ್ರೇಕ್ ಲೈನ್ ಕಡಿಮೆ. ಮುಂದಿನ ಲೈನ್ 3 ಸೆಂ.ಮೀ. ಉದ್ದವಾದರೆ ಬ್ರೇಕ್ ಅಷ್ಟೇ ಬಿಗಿಯಾದಂತೆ. ಪಟ ಮಂಕಾಗುತ್ತದೆ, ಏಳುವಾಗಲೇ ಹಿಂದಕ್ಕೆ ಕುಸಿಯುತ್ತದೆ, ಹಾರಿಸುವವರು ಗಾಳಿ ಸಾಲದು ಎಂದುಕೊಳ್ಳುತ್ತಾರೆ.

ಅಳೆಯುವುದು ಸುಲಭ. ಒಣಗಿದ ಮಸಾರಿ ನೆಲದಲ್ಲಿ ಗಟ್ಟಿ ಗೂಟ ಹೊಡೆದು ನಾಲ್ಕೂ ಲೈನಿನ ತುದಿಕುಣಿಕೆಗಳನ್ನು ಅದಕ್ಕೇ ಹಾಕಿ. ಇನ್ನೊಂದು ತುದಿಗೆ ನಡೆದು ಹೋಗಿ ನಾಲ್ಕನ್ನೂ ಒಟ್ಟಿಗೆ, ಒಂದೇ ಬಿಗಿಯಲ್ಲಿ ಎಳೆದು ಹಿಡಿಯಿರಿ. ಕುಣಿಕೆಗಳು ಒಂದೇ ಮಟ್ಟಕ್ಕೆ ಬರಬೇಕು. ಎಡಬಲ ಜೋಡಿಯ ನಡುವೆ 1 ಸೆಂ.ಮೀ. ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಸರಿಪಡಿಸಿ. ಗಿಡ್ಡವಾದ ಲೈನನ್ನು ಗೂಟಕ್ಕೆ ಹಾಕಿ ಒಂದೆರಡು ನಿಮಿಷ ಬಲವಾಗಿ ಎಳೆದು ಹಿಡಿದು ಮತ್ತೆ ಅಳೆಯಿರಿ. ಹಲವು ಸಲ ಅಷ್ಟಕ್ಕೇ ಸಮವಾಗುತ್ತದೆ. ಆಗದಿದ್ದರೆ ಉದ್ದವಾದ ಲೈನಿನ ತುದಿಯ ತೋಳಿರುವ ಗಂಟನ್ನು ಬಿಚ್ಚಿ ಒಳಗೆ ಸರಿಸಿ ಕಟ್ಟಿ. ತೋಳು ಎಂದರೆ ಲೈನಿನ ತುದಿಗೆ ತೊಡಿಸಿರುವ ಪಾಲಿಯೆಸ್ಟರ್ ಕವಚ. ಅದಿಲ್ಲದೆ ಬರಿ ಡೈನೀಮಾಕ್ಕೆ ಗಂಟು ಹಾಕಿದರೆ ಲೈನಿನ ಬಲ ಬಹಳ ಇಳಿಯುತ್ತದೆ, ನುಣುಪಿಗೆ ಗಂಟು ಜಾರುವುದೂ ಉಂಟು. ಮೀನಿನ ಗಾಳದ ನೈಲಾನ್ ದಾರವನ್ನು ಬದಲಿಗೆ ಹಾಕುವ ಯೋಚನೆ ಬೇಡವೇ ಬೇಡ. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ; ಯಾವ ಹೊಂದಾಣಿಕೆಯೂ ಉಳಿಯುವುದಿಲ್ಲ.

ಎರೆ ಮಣ್ಣಿನ ಮೇಲೆ, ಅದರಲ್ಲೂ ಒಂದು ಹದ ಮಳೆ ಬಿದ್ದ ಮೇಲೆ, ಲೈನ್ ಹಾಸಬೇಡಿ. ಹೆಣಿಗೆಯೊಳಗೆ ಮಣ್ಣು ಹೊಕ್ಕು ದಾರ ದಪ್ಪವಾಗಿ ಗಿಡ್ಡವಾಗುತ್ತದೆ. ಹಾಗಾದ ಲೈನನ್ನು ತಣ್ಣೀರಿನಲ್ಲಿ ನೆನೆಸಿ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಎಳೆದು ಅಳೆಯಬೇಕು.

ಪಟ ಒಂದೇ ಕಡೆಗೆ ತಿರುಗುತ್ತಿದ್ದರೆ ಒಂದು ಪರೀಕ್ಷೆ ಇದೆ. ಎಡಗಡೆಯ ಲೈನುಗಳನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ಹಾರಿಸಿ. ವಾಲುವ ದಿಕ್ಕು ಬದಲಾದರೆ ತಪ್ಪು ಲೈನಿನದು. ಮೊದಲಿನ ದಿಕ್ಕಿಗೇ ವಾಲಿದರೆ ತಪ್ಪು ಪಟದ್ದು ಅಥವಾ ಸೂತ್ರದ್ದು. ಆಗ ಮೊದಲು ನೋಡಬೇಕಾದ್ದು ಬಳ್ಳಾರಿ ಜಾಲಿಯ ಮುಳ್ಳು. ಇಲ್ಲಿಯ ಬಯಲಲ್ಲಿ ಸೂತ್ರಕ್ಕೆ ಸಿಕ್ಕಿಕೊಳ್ಳುವ ಜಾಲಿ ಕಡ್ಡಿ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಒಂದು ಕಡೆಯನ್ನು ಗಿಡ್ಡ ಮಾಡಿರುತ್ತದೆ. ರೆಕ್ಕೆ ತುದಿಯ ಕೋಣೆಯಲ್ಲಿ, ಅಂದರೆ ಗಾಳಿ ತುಂಬುವ ಬಟ್ಟೆಯ ಚೀಲದಲ್ಲಿ, ಮಣ್ಣು ಕೂತಿದೆಯೇ ಎಂದೂ ನೋಡಿ.

ಹ್ಯಾಂಡಲ್ ಬಳಿ ಮಾಡುವ ಹೊಂದಾಣಿಕೆ

ಲೈನ್ ಸಮ ಇದ್ದ ಮೇಲೆ ಬ್ರೇಕ್. ಇಲ್ಲಿ ಒಂದು ಗಂಟಿನ ಬದಲಾವಣೆ ಪಟದ ಸ್ವಭಾವವನ್ನೇ ಬದಲಿಸುತ್ತದೆ. ಹೆಚ್ಚಿನವರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯವೇ ಬರುವುದಿಲ್ಲ.

ಹ್ಯಾಂಡಲಿನ ತುದಿಯಿಂದ ಹೊರಡುವ ದಪ್ಪ ದಾರದಲ್ಲಿ ಗಂಟುಗಳ ಸಾಲು ಇರಬೇಕು. ಇಲ್ಲದಿದ್ದರೆ ಮಾಡಿಕೊಳ್ಳಿ: 3 ಮಿ.ಮೀ. ದಪ್ಪದ ಹೆಣೆದ ಪಾಲಿಯೆಸ್ಟರ್ ದಾರ 50 ಸೆಂ.ಮೀ. ಕತ್ತರಿಸಿ, ತುದಿಗಳನ್ನು ಬೆಂಕಿಗೆ ತೋರಿಸಿ ಕರಗಿಸಿ, ಹ್ಯಾಂಡಲಿಗೆ ಕಟ್ಟಿ, 2 ಸೆಂ.ಮೀ.ಗೆ ಒಂದರಂತೆ ಐದು ಗಂಟು ಹಾಕಿ. ಎರಡೂ ಹ್ಯಾಂಡಲಿನ ಗಂಟುಗಳು ಪಕ್ಕಪಕ್ಕ ಇಟ್ಟಾಗ ಒಂದೇ ಮಟ್ಟದಲ್ಲಿರಲಿ. ಲೈನಿನ ಕುಣಿಕೆಯನ್ನು ತನ್ನ ಮೇಲೇ ಮಡಚಿ ಗಂಟಿನ ಹಿಂದೆ ಬಿಗಿಯುವ ಕಟ್ಟಿಗೆ ಲಾರ್ಕ್ಸ್ ಹೆಡ್ ಎನ್ನುತ್ತಾರೆ. ಎಳೆತ ಇದ್ದಾಗ ಜಾರುವುದಿಲ್ಲ, ಸಡಿಲಿಸಿದರೆ ಉಗುರಲ್ಲೇ ಬಿಚ್ಚುತ್ತದೆ.

ಪಟವನ್ನು ತಲೆಯ ಮೇಲೆ ನಿಲ್ಲಿಸಿ. ಹ್ಯಾಂಡಲಿನ ಮೇಲ್ಭಾಗದಿಂದ ಮಾತ್ರ ಹಿಡಿದಾಗ ಬ್ರೇಕ್ ಲೈನ್ ಸ್ವಲ್ಪ ಜೋತು ಬಿದ್ದಿರಬೇಕು, ಪಟದ ಹಿಂಅಂಚು ನೇರವಾಗಿರಬೇಕು. ಈಗ ಹ್ಯಾಂಡಲಿನ ಕೆಳತುದಿಯನ್ನು ನಿಧಾನ ಎಳೆಯಿರಿ. 5ರಿಂದ 8 ಸೆಂ.ಮೀ. ಎಳೆದಾಗ ಹಿಂಅಂಚು ಬಾಗಲು ಶುರುವಾದರೆ ಹೊಂದಾಣಿಕೆ ಸರಿ.

ಎಳೆಯುವ ಮೊದಲೇ ಹಿಂಅಂಚು ಬಾಗಿದ್ದರೆ ಬ್ರೇಕ್ ಬಿಗಿ. ಪಟ ನಿಧಾನ ಏಳುತ್ತದೆ, ಜೋರು ಎಳೆಯುತ್ತದೆ, ಅರ್ಧ ದಾರಿಯಲ್ಲಿ ಹಿಂದಕ್ಕೆ ಕುಸಿಯುತ್ತದೆ. ಬ್ರೇಕ್ ಲೈನನ್ನು ಹ್ಯಾಂಡಲಿನಿಂದ ಒಂದು ಗಂಟು ಆಚೆಗೆ ಹಾಕಿ. ಬ್ರೇಕ್ ತೀರಾ ಸಡಿಲವಾದರೆ ಪಟ ಚುರುಕಾಗಿ ಏಳುತ್ತದೆ, ಆದರೆ ದೊಡ್ಡ ಸುತ್ತು ಹಾಕಿ ತಿರುಗುತ್ತದೆ, ತಲೆಯ ಮೇಲೆ ನಿಲ್ಲದೆ ಗಾಳಿ ಬರುವ ಕಡೆಗೆ ದಾಟಿ ಮೂತಿ ಮಡಚಿಕೊಳ್ಳುತ್ತದೆ, ಇಳಿಸಲು ಎಷ್ಟು ಎಳೆದರೂ ಸಾಲದು. ಒಂದು ಗಂಟು ಈಚೆಗೆ ತನ್ನಿ. ಎರಡೂ ಕಡೆ ಒಂದೇ ಗಂಟು, ಒಂದು ಸಲಕ್ಕೆ ಒಂದೇ ಗಂಟು.

ಗಾಳಿಗೆ ತಕ್ಕ ಹಾಗೆ ಇದನ್ನು ಬದಲಿಸುವುದೂ ಉಂಟು. ಗಾಳಿ ಕಡಿಮೆ ಇದ್ದಾಗ ಬ್ರೇಕ್ ಒಂದು ಗಂಟು ಸಡಿಲ ಇದ್ದರೆ ಪಟ ಬೀಳದೆ ಓಡುತ್ತದೆ. ಬಿರುಸಾಗಿ ಬಿಟ್ಟು ಬಿಟ್ಟು ಬೀಸುವ ಗಾಳಿಯಲ್ಲಿ ಒಂದು ಗಂಟು ಬಿಗಿ ಇದ್ದರೆ ಮೂತಿ ಮಡಚುವುದು ಕಡಿಮೆ. ಬದಲಿಗೆ ಕೈಗೆ ಭಾರ ಹೆಚ್ಚು.

ಸೂತ್ರಕ್ಕೆ ಕೈ ಹಾಕುವಾಗ

ಇಷ್ಟಾದರೂ ಪಟ ಮಂಕು, ಅಥವಾ ಇಷ್ಟಾದರೂ ಮೂತಿ ಮಡಚುತ್ತಲೇ ಇದೆ ಎಂದರೆ ಆಗ ಸೂತ್ರ. ತತ್ವ ಚಿಕ್ಕದು. ಎ ಸಾಲು ಗಿಡ್ಡವಾದರೆ ಮೂತಿ ನಿಮ್ಮ ಕಡೆಗೆ ಬಾಗುತ್ತದೆ, ಪಟ ಗಾಳಿಗೆ ಒಡ್ಡಿಕೊಳ್ಳುವ ಕೋನ ಇಳಿಯುತ್ತದೆ. ನಿಂತಲ್ಲಿ ಎಳೆತ ಕಡಿಮೆ, ಓಟ ಹೆಚ್ಚು, ಗಾಳಿಯ ಅಂಚಿನವರೆಗೂ, ಅಂದರೆ ಗಾಳಿಗೆ ಬೆನ್ನು ಕೊಟ್ಟು ನಿಂತಾಗ ಪಟ ಪಕ್ಕಕ್ಕೆ ಹೋಗಬಹುದಾದ ಕೊನೆಯವರೆಗೂ, ಹೋಗುತ್ತದೆ. ಅತಿಯಾದರೆ ಮೂತಿ ಒಳಕ್ಕೆ ಮಡಚುತ್ತದೆ. ಹಿಂದಿನ ಸಾಲು ಗಿಡ್ಡವಾದರೆ ಕೋನ ಏರುತ್ತದೆ. ಎಳೆತ ಹೆಚ್ಚು, ಓಟ ಕಡಿಮೆ, ಅತಿಯಾದರೆ ಹಿಂದಕ್ಕೆ ಕುಸಿತ.

ಎಷ್ಟು ಬದಲಿಸಬೇಕು? ಎ ಸಾಲಿನಿಂದ ಕೊನೆಯ ಸಾಲಿಗೆ ಪಟದ ಹೊಟ್ಟೆಯ ಮೇಲೆ ಅಳೆಯಿರಿ. ಅದು 60 ಸೆಂ.ಮೀ. ಇದ್ದರೆ ಎ ಸಾಲಿನ 1 ಸೆಂ.ಮೀ. ಬದಲಾವಣೆ ಕೋನವನ್ನು ಸುಮಾರು 1 ಡಿಗ್ರಿ ತಿರುಗಿಸುತ್ತದೆ. ಒಂದು ಡಿಗ್ರಿ ಕಡಿಮೆಯೇನಲ್ಲ, ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಒಂದು ಸಲಕ್ಕೆ 1ರಿಂದ 1.2 ಸೆಂ.ಮೀ. ಸಾಕು.

ಕೆಲಸ ಕೆಡುವುದು ಹೆಚ್ಚಾಗಿ ಈ ಮುಂದಿನ ಹಂತದಲ್ಲಿ. ಎ ಸಾಲನ್ನು ಮಾತ್ರ ಗಿಡ್ಡ ಮಾಡಿ ಬಿ, ಸಿ ಹಾಗೇ ಬಿಟ್ಟರೆ ಪಟದ ಕೋನ ಬದಲಾಗುವ ಬದಲು ರೆಕ್ಕೆಯ ಆಕಾರವೇ ಕೆಡುತ್ತದೆ. ಎ ಮತ್ತು ಬಿ ನಡುವೆ ಬಟ್ಟೆ ಮುರಿದು ಮೂತಿ ಕೆಳಗೆ ಜೋತು ಬೀಳುತ್ತದೆ, ಓಟವೂ ಹೋಗುತ್ತದೆ, ಮಡಚುವುದೂ ಹೆಚ್ಚುತ್ತದೆ. ರೆಕ್ಕೆ ಪೂರ್ತಿಯಾಗಿ ತಿರುಗಬೇಕಾದರೆ ಪ್ರತಿ ಸಾಲೂ ತನ್ನ ಜಾಗಕ್ಕೆ ತಕ್ಕಷ್ಟು ಬದಲಾಗಬೇಕು. ಸಾಲುಗಳ ನಡುವಿನ ಅಂತರ ಸಮ ಇದ್ದರೆ ಲೆಕ್ಕ ಹೀಗೆ: ನಾಲ್ಕು ಸಾಲಿನ ಪಟದಲ್ಲಿ ಎ 12 ಮಿ.ಮೀ. ಗಿಡ್ಡ, ಬಿ 8, ಸಿ 4, ಡಿ ಇದ್ದಂತೆಯೇ. ಮೂರು ಸಾಲಿನದಾದರೆ ಎ 12, ಬಿ 6, ಸಿ ಇದ್ದಂತೆಯೇ. ಕೋನ ಏರಿಸಬೇಕಾದರೆ ಇದೇ ಅಳತೆ, ಆದರೆ ಉದ್ದ ಮಾಡಬೇಕು. ಅಂತರ ಸಮ ಇಲ್ಲದಿದ್ದರೆ ಕೊನೆಯ ಸಾಲಿನಿಂದ ಆಯಾ ಸಾಲಿಗಿರುವ ದೂರದ ಅನುಪಾತದಲ್ಲಿ ಹಂಚಿ.

ಬದಲಾವಣೆ ಯಾವಾಗಲೂ ಕವಲುಗಳ ಕೆಳಗೆ, ಮುಂದಿನ ಲೈನ್ ಸೇರುವ ಗಂಟಿಗೆ ಹತ್ತಿರ ಇರುವ ಎಳೆಯಲ್ಲೇ ಆಗಬೇಕು. ಬಟ್ಟೆಗೆ ಹತ್ತಿರದ ಸಣ್ಣ ಕವಲುಗಳನ್ನು ಮುಟ್ಟಿದರೆ ಒಂದೊಂದು ಕೋಣೆ ಒಂದೊಂದು ಕಡೆ ನೋಡುತ್ತದೆ. ಮತ್ತೆ ಸರಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಎ ಸಾಲಿಗೆ ಒಂದು ಕಡೆ ಎರಡು ಮೂರು ಮುಖ್ಯ ಎಳೆಗಳಿದ್ದರೆ ಎಲ್ಲವೂ ಒಂದೇ ಅಳತೆಯಲ್ಲಿ ಬದಲಾಗಬೇಕು.

ಅಳತೆಗೆ ಮನೆಯೊಳಗೆ ಜಾಗ ಮಾಡಿಕೊಳ್ಳಿ. ಗೋಡೆಯ ಗಟ್ಟಿ ಕೊಕ್ಕೆಗೆ ಸೂತ್ರದ ಕೆಳಗಂಟು ಹಾಕಿ, ಲಗೇಜ್ ತೂಗುವ ಡಿಜಿಟಲ್ ತಕ್ಕಡಿಯಿಂದ ಪ್ರತಿ ಎಳೆಯನ್ನೂ 5 ಕೆ.ಜಿ. ಬಿಗಿಯಲ್ಲಿ ಎಳೆದು, ಉಕ್ಕಿನ ಟೇಪಿನಲ್ಲಿ ಅಳೆದು ಬರೆದಿಡಿ. ಬಿಗಿ ಬೇರೆಬೇರೆ ಆದರೆ ಅಳತೆಗೆ ಅರ್ಥವಿಲ್ಲ. ಎಡಬಲ ಜೋಡಿಯಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಅದನ್ನು ಸಮ ಮಾಡಿ. ಕೋನದ ಕೆಲಸ ಆಮೇಲೆ.

ಹಳೆಯ ಪಟಗಳಲ್ಲಿ ಒಂದು ಸಂಗತಿ ಪದೇ ಪದೇ ಕಾಣುತ್ತದೆ. ಭಾರ ಕಡಿಮೆ ಹೊರುವ ಹಿಂದಿನ ಸಾಲಿನ ಡೈನೀಮಾ ಎಳೆಗಳು ಕಾಲ ಕಳೆದಂತೆ ಕುಗ್ಗುತ್ತವೆ, ಭಾರ ಹೊರುವ ಎ ಸಾಲು ಹಾಗೇ ಇರುತ್ತದೆ ಅಥವಾ ಎಳೆದುಕೊಂಡಿರುತ್ತದೆ. ಕೋನ ತಾನಾಗಿಯೇ ಏರಿ ಪಟ ಮುದಿಯಾದಂತೆ ಹಾರುತ್ತದೆ. ಇದಕ್ಕೆ ಎ ಸಾಲು ಗಿಡ್ಡ ಮಾಡುವುದು ಮದ್ದಲ್ಲ. ಕುಗ್ಗಿದ ಹಿಂದಿನ ಎಳೆಯನ್ನೇ ಎಳೆದು ಸರಿಮಾಡಬೇಕು. ಎಳೆಯ ಬಲ 80 ಕೆ.ಜಿ. ಇದ್ದರೆ 15 ಕೆ.ಜಿ. ತೂಕವನ್ನು ಕೆಲವು ನಿಮಿಷ ತೂಗುಬಿಟ್ಟು ಮತ್ತೆ 5 ಕೆ.ಜಿ. ಬಿಗಿಯಲ್ಲಿ ಅಳೆಯಿರಿ. ತೂಕವನ್ನು ಎಳೆಯ ತುದಿಗೇ ಕಟ್ಟಿ. ಪಟದ ಹೊಟ್ಟೆಗೆ ಹೊಲಿದ ಕುಣಿಕೆಯ ಮೇಲೆ ಆ ಭಾರ ಬೀಳಬಾರದು, ಹೊಲಿಗೆ ಹರಿಯುತ್ತದೆ.

ಎಳೆ ಗಿಡ್ಡ ಮಾಡಲು ಕತ್ತರಿ ಹಾಕಬೇಡಿ. ಕೆಳಗಂಟಿನಲ್ಲಿ ಕುಣಿಕೆಯನ್ನು ಇನ್ನೊಂದು ಸುತ್ತು ಹೆಚ್ಚು ಸುತ್ತಿದರೆ ದಾರದ ದಪ್ಪಕ್ಕೆ ತಕ್ಕಂತೆ ಅರ್ಧದಿಂದ ಒಂದು ಸೆಂ.ಮೀ.ನಷ್ಟು ಗಿಡ್ಡವಾಗುತ್ತದೆ. ಸುತ್ತಿದ ಮೇಲೆ ಎಷ್ಟಾಯಿತು ಎಂದು ಅಳೆದೇ ತಿಳಿಯಬೇಕು. ಉದ್ದ ಮಾಡಬೇಕಾದರೆ ತೋಳಿರುವ ಡೈನೀಮಾದ ಸಣ್ಣ ತುಂಡನ್ನು ಕುಣಿಕೆ ಮಾಡಿ ನಡುವೆ ಸೇರಿಸಿ. ಅದರ ಬಲ ಮೂಲ ಎಳೆಗಿಂತ ಕಡಿಮೆ ಇರಬಾರದು. ಡೈನೀಮಾ ಸುಮಾರು 145–150 ಡಿಗ್ರಿಗೇ ಕರಗುತ್ತದೆ. ಒಂದು ಎಳೆ ಇನ್ನೊಂದರ ಮೇಲೆ ಉಜ್ಜುವಂತೆ ಕಟ್ಟಿದರೆ ಉಜ್ಜಿದ ಬಿಸಿಗೇ ತುಂಡಾಗುತ್ತದೆ. ಕಟ್ಟಿದ ಮೇಲೆ ಎಳೆಗಳು ಒಂದನ್ನೊಂದು ದಾಟದೆ ನೇರ ಹೋಗಿವೆಯೇ ಎಂದು ಬೆರಳಲ್ಲಿ ಸವರಿ ನೋಡಿ.

ಎರಡೇ ಲೈನಿನ ಫಾಯಿಲಿನಲ್ಲಿ ಬ್ರೇಕ್ ಇಲ್ಲದ್ದರಿಂದ ಕೋನಕ್ಕೆ ಸೂತ್ರ ಒಂದೇ ದಾರಿ; ಅನುಪಾತದ ಲೆಕ್ಕ ಅದೇ. ಕಡ್ಡಿ ಇರುವ ಡೆಲ್ಟಾ ಪಟಗಳಲ್ಲಿ ಲೈನ್ ಕಟ್ಟುವ ಗಂಟನ್ನು ಮೂತಿಯ ಕಡೆ ಅರ್ಧ ಸೆಂ.ಮೀ. ಸರಿಸಿದರೆ ಓಟ ಹೆಚ್ಚು, ಎಳೆತ ಕಡಿಮೆ. ಬಾಲದ ಕಡೆ ಸರಿಸಿದರೆ ಎಳೆತ ಹೆಚ್ಚು, ತಿರುವು ಬಿಗಿ, ಅತಿಯಾದರೆ ಏಳುವುದೇ ಇಲ್ಲ. ಸೂತ್ರದಲ್ಲಿ ಸಣ್ಣ ರಾಟೆಗಳಿರುವ, ಬಾರ್ ಹಿಡಿದು ಹಾರಿಸುವ, ಹಾರುವಾಗಲೇ ಎಳೆತ ತಗ್ಗಿಸಬಹುದಾದ ಡಿಪವರ್ ಪಟಗಳಲ್ಲಿ ಸಾಲುಗಳು ರಾಟೆಯ ಲೆಕ್ಕಕ್ಕೆ ಜೋಡಿಸಿರುತ್ತವೆ; ಅವನ್ನು ತಯಾರಕರ ಪಟ್ಟಿಯ ಅಳತೆಗೆ ಮರಳಿಸುವುದಷ್ಟೇ ನಮ್ಮ ಕೆಲಸ, ಹೊಸ ಅಳತೆ ಹುಡುಕುವುದಲ್ಲ.

ಪರೀಕ್ಷೆಗೆ ಗಾಳಿ ಮತ್ತು ಜಾಗ

ಹೊಂದಾಣಿಕೆ ನೋಡಲು ಗಂಟೆಗೆ 15ರಿಂದ 22 ಕಿ.ಮೀ. ಗಾಳಿ ಸಾಕು. ಬೇವಿನ ಎಲೆ, ಕಿರುಕೊಂಬೆ ಬಿಡದೆ ಅಲ್ಲಾಡುತ್ತಿದ್ದರೆ ಅಷ್ಟಿದೆ. ನೆಲದ ಧೂಳು ಏಳತೊಡಗಿದರೆ 20 ದಾಟಿದೆ. ಚಿಕ್ಕ ಮರಗಳೇ ತೂಗಾಡುತ್ತಿದ್ದರೆ 29ರ ಮೇಲೆ. ಆ ದಿನ ಹೊಸ ಸೂತ್ರ ಪರೀಕ್ಷಿಸುವ ದಿನವಲ್ಲ. ಆಷಾಢ ಶ್ರಾವಣದಲ್ಲಿ ಚಿತ್ರದುರ್ಗದ ಬೆಟ್ಟಸಾಲಿನ ಗಾಳಿಯಂತ್ರಗಳು ಪೂರ್ತಿ ತಿರುಗುವ ಹೊತ್ತಿನಲ್ಲಿ ಬಯಲ ಗಾಳಿ ಇದನ್ನು ಸುಲಭವಾಗಿ ಮೀರುತ್ತದೆ. ಬೆಳಗ್ಗೆ ಬೇಗ ಹೋಗಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿಯಲ್ಲಿ, ಸುಂಟರಗಾಳಿ ಏಳುವ ಹೊತ್ತಿನಲ್ಲಿ ಯಾವ ಹೊಂದಾಣಿಕೆಯೂ ಸರಿ ಕಾಣುವುದಿಲ್ಲ. ಗಾಳಿ ಮೇಲಕ್ಕೆ ಏಳುತ್ತ ದಿಕ್ಕು ಬದಲಿಸುತ್ತಿರುತ್ತದೆ, ತಪ್ಪು ಸೂತ್ರದ್ದೆಂದು ತೋರುತ್ತದೆ.

ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಹಾಗಾಗಿ ಜೋಗಿಮಟ್ಟಿಯಂಥ ಬೆಟ್ಟದ ಪೂರ್ವ, ಈಶಾನ್ಯ ಮಗ್ಗುಲಲ್ಲಿ ಗಾಳಿ ಸುಳಿ ಸುಳಿಯಾಗಿ ಬೀಳುತ್ತದೆ. ಅಡ್ಡ ಬಂದದ್ದರ ಎತ್ತರದ ಹತ್ತು ಪಟ್ಟು ದೂರದವರೆಗಾದರೂ ಆ ಸುಳಿ ಇರುತ್ತದೆ; ಹತ್ತು ಮೀಟರಿನ ಮರದ ಸಾಲಿಗೂ ನೂರು ಮೀಟರ್ ಬಿಡಿ. ನೀರಿಲ್ಲದ ಕೆರೆಯಂಗಳ, ಬಿತ್ತನೆಯಾಗದ ಬೀಳು ಒಳ್ಳೆಯ ಜಾಗ. ಆಷಾಢದಲ್ಲಿ ಚಳ್ಳಕೆರೆ ಕಡೆ ಶೇಂಗಾ, ದಾವಣಗೆರೆ ಕಡೆ ಮೆಕ್ಕೆಜೋಳ ಬಿತ್ತಿರುತ್ತಾರೆ. ಮೊಳಕೆ ತುಳಿಯಬೇಡಿ, ಬೀಳಾದರೂ ಹೊಲದವರನ್ನು ಕೇಳಿಯೇ ಇಳಿಯಿರಿ. ಗಾಳಿಯಂತ್ರಗಳಿಂದ ಬರುವ ವಿದ್ಯುತ್ ತಂತಿಗಳು ಬಯಲಲ್ಲಿ ಎಲ್ಲೆಂದರಲ್ಲಿ ಹಾದಿವೆ. ತೇವದ ಲೈನಿನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಉದ್ದದ ನಾಲ್ಕು ಪಟ್ಟು, ಅಂದರೆ ನೂರು ಮೀಟರ್ ಒಳಗೆ ಯಾವ ತಂತಿಯೂ ಇರಬಾರದು. ಚಳ್ಳಕೆರೆ ಬಳಿಯ ಡಿಆರ್‌ಡಿಓ ವೈಮಾನಿಕ ಪರೀಕ್ಷಾ ವಲಯದ ಸುತ್ತಮುತ್ತ ಏನನ್ನೂ ಹಾರಿಸಬೇಡಿ.

ಬ್ರೇಕ್ ಲೈನಿಗೆ ಸೇರಿದ ಮಣಿಕಟ್ಟಿನ ಪಟ್ಟಿ ಇಲ್ಲದೆ ಹೊಸ ಹೊಂದಾಣಿಕೆ ಹಾರಿಸಬಾರದು. ಹ್ಯಾಂಡಲ್ ಕೈಬಿಟ್ಟಾಗ ಆ ಪಟ್ಟಿ ಬ್ರೇಕ್ ಲೈನನ್ನು ಹಿಡಿದು ಪಟವನ್ನು ಬಾವುಟದಂತೆ ಸಡಿಲ ಬೀಳಿಸುತ್ತದೆ. ಬ್ರೇಕ್ ಗಂಟು ಬದಲಿಸಿದಾಗಲೆಲ್ಲ ಮೊದಲು ಇದನ್ನೇ, ಪಟ ಕೆಳಮಟ್ಟದಲ್ಲಿ ಅಂಚಿನಲ್ಲಿರುವಾಗ, ಒಮ್ಮೆ ಕೈಬಿಟ್ಟು ನೋಡಿ. ಲೈನನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಬೆರಳು ಕೊಯ್ಯುತ್ತದೆ. ಹೆಲ್ಮೆಟ್ ಇರಲಿ, ಗಾಳಿ ಹೋಗುವ ದಿಕ್ಕಿನಲ್ಲಿ ಜನ, ದನ ಇರದಿರಲಿ.

ಹಾರಿಸಿ ನೋಡುವುದು ಪ್ರತಿ ಸಲವೂ ಒಂದೇ ಕ್ರಮದಲ್ಲಿ. ತಲೆಯ ಮೇಲೆ ಅರ್ಧ ನಿಮಿಷ ಕೈ ಅಲ್ಲಾಡಿಸದೆ ನಿಲ್ಲಿಸಿ: ಮುಂದಕ್ಕೆ ದಾಟಿದರೆ ಕೋನ ಕಡಿಮೆ, ಹಿಂದಕ್ಕೆ ಜಗ್ಗಿದರೆ ಹೆಚ್ಚು. ಆಮೇಲೆ ಎಡ ಅಂಚಿಗೂ ಬಲ ಅಂಚಿಗೂ ನಿಧಾನ ಒಯ್ದು ಎಷ್ಟು ದೂರ ಹೋಗುತ್ತದೆ, ತುದಿಯಲ್ಲಿ ಮೂತಿ ನಡುಗುತ್ತದೆಯೇ ನೋಡಿ. ಕೊನೆಗೆ ಬ್ರೇಕ್ ಎಳೆದು ಹಿಂದುಹಿಂದಾಗಿ ಇಳಿಸಿ. ಎರಡೂ ತುದಿ ಒಟ್ಟಿಗೆ ನೆಲ ಮುಟ್ಟಬೇಕು. ಈ ಮೂರೂ ಆದ ಮೇಲೆಯೇ ಪಟವನ್ನು ಗಾಳಿಯ ನಡುವೆ ಬೀಸಿ. ಅದೂ ಮೊದಲು ಎತ್ತರದಲ್ಲಿ, ತಲೆಯ ಮಟ್ಟದಲ್ಲಿ ಅಲ್ಲ.

ಸರಿ ಬಂದ ಹೊಂದಾಣಿಕೆಯನ್ನು ಅಲ್ಲೇ ಬರೆಯಿರಿ: ಗಾಳಿ ಎಷ್ಟು, ಬ್ರೇಕ್ ಎಷ್ಟನೇ ಗಂಟಿನಲ್ಲಿ, ಸೂತ್ರದ ಯಾವ ಸಾಲು ಎಷ್ಟು ಮಿ.ಮೀ. ಬದಲಾಗಿದೆ. ಆ ಗಂಟಿಗೆ ಪರ್ಮನೆಂಟ್ ಮಾರ್ಕರಿನಿಂದ ಗುರುತು ಹಾಕಿ. ಹೊಸ ಲೈನ್ ಹಾಕಿದ್ದರೆ ಮೊದಲ ಐದಾರು ಗಂಟೆ ಹಾರಿಸಿದ ಮೇಲೆ ಮತ್ತೆ ಗೂಟ ಹೊಡೆದು ಅಳೆಯಿರಿ. ಆಗ ಮುಂದಿನ ಲೈನ್ ಒಂದೆರಡು ಸೆಂ.ಮೀ. ಎಳೆದುಕೊಂಡಿದ್ದರೆ ಸೂತ್ರ ಮುಟ್ಟದೆ ಬ್ರೇಕ್ ಗಂಟನ್ನು ಅಷ್ಟೇ ಆಚೆಗೆ ಸರಿಸಿ.